ಎರಡು ಬ್ಯಾಕ್

ಗುಲಫಶಾ: ಅಂಕಲ್, ನೀವಽ ಹೇಳ್ಬೇಕ್ರಿ. ಅಬ್ಬಾನ ಮುಂದ ನನ್ನ ಬಾಯಿ ಏಳಂಗಿಲ್ಲ.

ನಾನು: ಇದ್ರಾಗ ಹೇಳೂದೇನೈತವ್ವ? ಎರಡಽ ಬ್ಯಾಕ್ ಅಲ್ಲೇನು?

ಗುಲಫಶಾ: ಎರಡಽ ಅಂತೀರಲ್ರಿ!

ಕೊಟ್ಟೂರಿನ ಬಸ್‌ನಿಲ್ದಾಣದ ಹಿಂದೆ ಯೂನುಸನ ಗ್ಯಾರೇಜು. ಒಳಗೆ ಅವನು ನನ್ನ ಸ್ಕೂಟರ್ ಬಿಚ್ಚಿ ಹರವಿಕೊಂಡು ಕೂತಿದ್ದ. ಹೊರಗೆ ಬೇವಿನ ನೆರಳಲ್ಲಿ ಅವನ ಮಗಳು ನನ್ನನ್ನು ಹಿಡಿದು ನಿಲ್ಲಿಸಿದ್ದಳು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್ ಮುಗಿಸಿ ಬಂದಿದ್ದಾಳೆ. ನಾನೋ, ಕಾಲೇಜಿನ ಗೇಟು ದಾಟಿದವನಲ್ಲ. ಆದರೂ ‘ಹೊಸ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಚ್ಚರಿಕೆ’ ಎಂದು ಪತ್ರಿಕೆಯ ನನ್ನ ಭಾನುವಾರದ ಅಂಕಣದಲ್ಲಿ ಅರ್ಧ ಪುಟ ಗುಡುಗಿದವನು.

ಗುಲಫಶಾ: ಕಾಲೇಜ್ ಬಿಡಸ್ತಾರ ಅಂತ ಅಂಜಿಕಿ ಆಗಾಕತ್ತೈತ್ರಿ.

ನಾನು: ಬ್ಯಾಕಿಗೆಲ್ಲ ಯಾರರ ಕಾಲೇಜ್ ಬಿಡಸ್ತಾರೇನು? ನಾ ಎಸ್ಸೆಸ್ಸೆಲ್ಸಿ ತನಕ ಬ್ಯಾಕಿನ್ಯಾಗಽ ಇದ್ದೆ. ಗಾಳಿ ಚೊಲೊ ಬರ್ತಿತ್ತು.

ಗುಲಫಶಾ: ಗಾಳಿ?

ನಾನು: ಕಿಟಕಿ ಬಾಜೂಕ ಕುಂದರ್ತಿದ್ದೆ. ನೀ ಎರಡು ಬೆಂಚ್ ಹಿಂದದೀ, ನಾಳಿ ಜಲ್ದಿ ಹೋಗಿ ಮುಂದ ಕುಂದ್ರು. ಮುಗೀತು!

ಹುಡುಗಿ ಹಣೆ ಬಡಿದುಕೊಂಡಳು.

ಗುಲಫಶಾ: ಅಂಕಲ್, ಬ್ಯಾಕ್ ಅಂದ್ರ ಬೆಂಚಲ್ರಿ. ಫೇಲು. ಮ್ಯಾಥ್ಸು, ಫಿಸಿಕ್ಸು.

ನಾನು: ಫೇಲಾ! ಫೇಲಿಗೆ ಫೇಲ್ ಅನ್ನಾಕ ಏನು ಧಾಡಿ ನಿಮಗ? ಇದರ ಮ್ಯಾಲಽ ಒಂದು ಬರೀತೀನಿ ನೋಡು...

ಗುಲಫಶಾ: ಬ್ಯಾಡ್ರಿ! ನೀವು ಬರ್ದಿದ್ದಕ್ಕಽ ಇದು ಆಗೈತಿ.

ನಾನು: ಅಂದ್ರ?

ಗುಲಫಶಾ: ನಿಮ್ಮ ಲೇಖನ ಅಬ್ಬಾ ಕತ್ತರಿಸಿ ತಂದು ನನ್ನ ಹಾಸ್ಟೆಲ್ ಗೋಡಿಗಿ ಅಂಟಿಸಿದ್ರು. ಹಳೇ ಕ್ವೆಶ್ಚನ್ ಪೇಪರ್ ನೋಡಿ ಓದೋರು ನಾಳಿನ ಸೇತುವಿ ಕೆಡವೋರು ಅಂದ್ರಿ. ನಾ ಮುಟ್ಟಲಿಲ್ಲ. ಬೇರು ತಿಳೀದ ಹಾಳಿ ತಿರುವಬ್ಯಾಡ್ರಿ ಅಂದ್ರಿ. ತಿರುವಲಿಲ್ಲ. ಐದು ಮಾಡ್ಯೂಲಿನ್ಯಾಗ ಮೊದಲ್ನೇದರ ಬೇರು ಹುಡುಕೂದ್ರಾಗ ಪರೀಕ್ಷಿ ಬಂತು.

ನಾನು: ಬೇರು ಸಿಕ್ತಾ?

ಗುಲಫಶಾ: ಸಿಕ್ತು. ಅದನ್ಯಾರೂ ಕೇಳಲಿಲ್ಲ.

ಇಷ್ಟು ವರ್ಷ ನಾಡಿಗೆ ಬುದ್ಧಿ ಹೇಳಿದೆ. ಕೊನೆಗೂ ಒಬ್ಬಳು ಅಕ್ಷರ ಬಿಡದೆ ಪಾಲಿಸಿದ್ದಳು, ಆಕೆಯೂ ಡುಮ್ಕಿ.

ಯೂನುಸ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

ಯೂನುಸ: ಏನ್ರಿ ಸರ, ಆಗಿಂದ ಬ್ಯಾಕ್ ಬ್ಯಾಕ್ ಅನ್ನಾಕತ್ತೀರಿ? ನಿಮ್ಮ ಸ್ಕೂಟರಿಗೆ ರಿವರ್ಸ್ ಇಲ್ರಿ.

ನಾನು: ಯೂನುಸಾ, ಸಿಟ್ಟಿಗೇಳಬ್ಯಾಡ. ಹುಡುಗಿ ಏನಾಗ್ಯಾಳಂದ್ರ...

ಯೂನುಸ: ಗೊತ್ತೈತ್ರಿ. ಮುಂಜಾನೆನಽ ಕಾಲೇಜಿನ ಮೆಸೇಜ್ ಬಂತು. ಈಕಿ ರೂಮಿನ ಹುಡುಗಿಗೂ ಫೋನ್ ಹಚ್ಚಿ ಕೇಳ್ದೆ. ಆಕಿ ಹಳೇ ಕ್ವೆಶ್ಚನ್ ಪೇಪರ್ ತಿರುವಿ ಪಾಸಾಗ್ಯಾಳ. ಎಲ್ಲಾ ವಿಚಾರ ಮಾಡಿ ಬಿಡಿಸಿಬಿಟ್ಟೆ.

ಗುಲಫಶಾ ತಲೆ ತಗ್ಗಿಸಿದಳು. ನನ್ನ ಅಂಕಣ ಬಾಯಿಗೇ ಬಂತು.

ನಾನು: ಬಿಡಿಸಿದಿ? ಒಮ್ಮೆ ಎಡವಿದ್ದಕ್ಕ ಓದಽ ಬಿಡಿಸಿದಿ? ಗಂಡುಹುಡುಗ ಆಗಿದ್ರ ಬಿಡಸ್ತಿದ್ದೇನು? ಈ ಭಾನುವಾರ ನಿನ್ನ ಮ್ಯಾಲಽ ಬರೀತೀನಿ, ಹೆಸರು ಹಾಕಿ!

ಯೂನುಸ: ಬರ್ಕೊಳ್ರಿ ಸರ, ನನ್ನ ಕಣ್ಣಿಗೆ ಬೀಳಂಗಿಲ್ಲ. ಬಿಡಿಸಿದ್ದು ಕಾಲೇಜಲ್ರಿ, ಮನಿಗೆ ಬರೂ ನಿಮ್ಮ ಪೇಪರ್ರು.