ಫೋನ್ ಬಿಟ್ಟ ಸೋದರಮಾವ

ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಯಾರೂ ಕೇಳಲಿಲ್ಲ. ಆಮೇಲೆ ಊರು ಬಿಟ್ಟೆ, ಹಿಡಿದ ಕೆಲಸವನ್ನೆಲ್ಲ ಬಿಟ್ಟೆ, ಆಗಲೂ ಯಾರೂ ಕೇಳಲಿಲ್ಲ. ಹೋದ ವರ್ಷ ಫೋನ್ ಬಿಟ್ಟೆ ನೋಡಿ, ಅವತ್ತಿನಿಂದ ದಿನಕ್ಕೊಂದು ರಾದ್ಧಾಂತ.

ಸಿರಾದ ಅಂಗಡಿ

ನಂದು ಲಗೇಜ್ ಆಟೋದಲ್ಲಿ ಈರುಳ್ಳಿ ವ್ಯಾಪಾರ. ಮಧುಗಿರಿಯಲ್ಲಿ ಒಂದು ಬಾಡಿಗೆ ರೂಮು, ಅಲ್ಲಿ ಮಲಗುವುದು ಅಪರೂಪ. ಎಲ್ಲಿ ಮಲಗಿದರೂ ಫೋನು ಟಿಂಗ್ ಅನ್ನೋದು. ಯಾರದೋ ಆಕ್ಸಿಡೆಂಟು, ಯಾವುದೋ ಪಾರ್ಟಿ ಜಗಳ, ನಮ್ಮ ಮನೆಯವರದೇ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವು. ಎಲ್ಲ ಆಫ್ ಮಾಡಿದರೂ ತಲೆಯೊಳಗೆ ಟಿಂಗ್ ಅನ್ನೋದು. ಒಂದು ದಿನ ಒಂದೊಂದೇ ಗ್ರೂಪಿನಿಂದ ಹೊರಗೆ ಬಂದು, ಫೋನ್ ಮಾರಲು ಸಿರಾದ ಅಂಗಡಿಗೆ ಹೋದೆ.

"ಯಾಕೆ ಭಾಯ್, ಮನೇಲಿ ಜಗಳನಾ?" ಅಂದ ಅಂಗಡಿಯವನು.

"ಇಲ್ಲಪ್ಪ, ನೆಮ್ಮದಿ ಬೇಕು."

"ಅಷ್ಟೇನಾ? ನೆಮ್ಮದಿಗೆ ಆಪ್ ಐತೆ, ಹಾಕ್ಕೊಡ್ಲಾ?"

ಹೊಳವನಹಳ್ಳಿಯ ಅಮ್ಮ

ಸುಳ್ಳು ಹೇಳಬಾರದು, ನೆಮ್ಮದಿ ಸಿಕ್ಕಿತು. ಬುಕ್ಕಾಪಟ್ಟಣದ ಕುರುಚಲು ಕಾಡಿನ ಪಕ್ಕ ಆಟೋ ನಿಲ್ಲಿಸಿ, ಹೋಟೆಲಿನಲ್ಲಿ ಕಟ್ಟಿಸಿಕೊಂಡ ಬುತ್ತಿ ಬಿಚ್ಚಿದರೆ, ಅಗಿಯುವ ಸದ್ದು ನನಗೇ ಕೇಳಿಸುತ್ತಿತ್ತು. ಎಷ್ಟೋ ವರ್ಷದ ಮೇಲೆ ಹುಳಿಯ ರುಚಿ ಗೊತ್ತಾಯಿತು. ಗೊತ್ತಾದ ಮೇಲೆ ಆ ಹೋಟೆಲಿಗೆ ಹೋಗುವುದನ್ನು ಬಿಟ್ಟೆ.

ತೊಂದರೆ ಅಂದರೆ ವ್ಯಾಪಾರದ ಕೂಗು ಫೋನಿನಲ್ಲೇ ಇತ್ತು. ಯಾವಳೋ ಪುಣ್ಯಾತ್ಗಿತ್ತಿ ಇಂಪಾಗಿ ಕೂಗಿದ ರೆಕಾರ್ಡು ಅದು. ಈಗ ನನ್ನ ಗಂಟಲೇ ಗತಿ. ಹೊಳವನಹಳ್ಳಿಯಲ್ಲಿ ಒಬ್ಬ ಅಮ್ಮ ಬಾಗಿಲಿಗೆ ಬಂದು, "ಯಾರ್ಗಪ್ಪ ಬೈತಿದ್ದೀಯಾ?" ಅಂದರು.

"ಬೈತಿಲ್ಲ ಕಣಮ್ಮ, ಈರುಳ್ಳಿ."

ಒಂದು ಗಡ್ಡೆ ಎತ್ತಿ ಹಿಚುಕಿ ನೋಡಿ ಕೆಳಗಿಟ್ಟರು. "ಬ್ಯಾಡ ಬುಡು. ಆ ಯಮ್ಮ ಮಾರ್ತಿದ್ಲಲ್ಲ, ಅವಳ ಈರುಳ್ಳಿನೇ ಚೆನ್ನಾಗಿತ್ತು."

ಪಾವಗಡದ ಕಡೆ

ಪಾವಗಡದ ಕಡೆ ಒಂದು ಹಳ್ಳಿಯ ಕಟ್ಟೆಯಲ್ಲಿ ಹುಡುಗರು ಅಡ್ಡ ಹಾಕಿದರು. ಫೋನಿಲ್ಲದೆ ಊರೂರು ತಿರುಗುವವನು ಕಳ್ಳನೇ ಅಂತ ಅವರ ಲೆಕ್ಕ.

"ನಿಮ್ಮೋರು ಯಾರ್ಗಾನ ಮಾತಾಡು. ನೀನು ನೀನೇ ಅಂತ ಅವರು ಹೇಳ್ಲಿ," ಅಂತ ಒಬ್ಬ ತನ್ನ ಫೋನ್ ಕೊಟ್ಟ.

ನನಗಿರುವುದು ಬರಗೂರಿನ ಅಕ್ಕ ಒಬ್ಬಳೇ. ಅವ್ವ ಹೋದ ಮೇಲೆ ನನಗೆ ತುತ್ತು ಇಟ್ಟವಳು ಅವಳು. ಎರಡು ಹೆಣ್ಣಾದ ಮೇಲೆ, ಹರಕೆ ಹೊತ್ತು ಹೊತ್ತು ಗಂಡು ಮಗು ಆದಾಗ, "ಇವನ ಜವಳಕ್ಕೆ ನೀನೆಲ್ಲಿದ್ರೂ ಬರ್ಬೇಕು ಕಣ್ಲಾ, ನಿನ್ ತೊಡೆ ಮೇಲೇ ಕೂರಿಸ್ಬೇಕು," ಅಂದಿದ್ದಳು. ಮಗುವಿನ ಮೊದಲ ಕೂದಲು ಸೋದರಮಾವನ ತೊಡೆಯ ಮೇಲೆ ತೆಗೆಯುವುದು ನಮ್ಮಲ್ಲಿ ಶಾಸ್ತ್ರ. ನನಗೆ ಯಾರಾದರೂ ಕೊಟ್ಟಿರುವ ಮರ್ಯಾದೆ ಅಂದರೆ ಅದೊಂದೇ. ಅಂಥ ಅಕ್ಕನ ನಂಬರು ನನಗೆ ಬಾಯಿಗೆ ಬರಲಿಲ್ಲ.

ಕಡೆಗೆ ಒಬ್ಬ ಅಜ್ಜಿ ತೆಲುಗಿನಲ್ಲಿ, "ಈಡು ಮನ ಉಲ್ಲಿಗಡ್ಡಲೋಡೇರಾ," ನಮ್ಮ ಈರುಳ್ಳಿಯವನೇ ಇವನು, ಅಂತ ಬಿಡಿಸಿದಳು. ಅಷ್ಟರಲ್ಲಿ ಹುಡುಗರು ನನ್ನ ಫೋಟೋ ಹಿಡಿದು, 'ಎಚ್ಚರಿಕೆ' ಅಂತ ಬರೆದು, ಸುತ್ತಲ ಹಳ್ಳಿಗಳಿಗೆಲ್ಲ ಕಳಿಸಿಯಾಗಿತ್ತು. ನಾನು ಬಿಟ್ಟ ಗ್ರೂಪುಗಳಿಗಿಂತ ಅವತ್ತು ನಾನು ಸೇರಿದ ಗ್ರೂಪುಗಳೇ ಹೆಚ್ಚು.

ಬರಗೂರಿನ ಶಾಮಿಯಾನ

ಅದಾದ ಮೇಲೆ ಅಕ್ಕನ ಮುಖ ನೋಡಬೇಕು ಅನ್ನಿಸಿ ಬರಗೂರಿಗೆ ಆಟೋ ತಿರುಗಿಸಿದೆ. ಅವಳ ಮನೆ ಮುಂದೆ ಶಾಮಿಯಾನ. ಒಳಗೆ ಜವಳ ನಡೀತಿದೆ.

ಭಾವನ ತೊಡೆಯ ಮೇಲೆ ಮಗು. ಭಾವನ ಎದೆಗೆ ಒರಗಿಸಿದ ಅಕ್ಕನ ಫೋನು. ಫೋನಿನಲ್ಲಿ ನಾನು, ಹಳೇ ಫೋಟೋ, ಹಲ್ಲು ಕಿರಿದುಕೊಂಡು. ಭಾವನ ಅತ್ತಿಗೆಯೊಬ್ಬರು ನನ್ನ ಹಣೆಗೆ ಕುಂಕುಮ ಇಡಲು ಬೆರಳು ತಾಗಿಸಿದಾಗಲೆಲ್ಲ ಫೋಟೋ ಸರಿದು ರವಿಕೆ ಡಿಸೈನು ಬರುತ್ತಿತ್ತು.

"ಅಕ್ಕಾ," ಅಂದೆ.

ಅಕ್ಕ ತಿರುಗಿದಳು. ಕಣ್ಣು ತುಂಬಿತ್ತು. "ಎಲ್ಲಿ ಹಾಳಾಗೋಗಿದ್ದೆ ನೀನು? ಗ್ರೂಪಿನಾಗೆ ಹಾಕಿದ್ವಲ್ಲ."

"ಗ್ರೂಪಿನಾಗೆ ನಾನಿಲ್ವಲ್ಲಕ್ಕ."

"ಅದ್ಕೇ. ಗ್ರೂಪು ಬುಟ್ಟೋನು ನಮ್ಮನ್ನೂ ಬುಟ್ಟ ಅಂದ್ಕಂಡೆ."

ನಾನು ಚಪ್ಪಲಿ ಬಿಟ್ಟು, ಕೈ ತೊಳೆದು, ಕೂರಲು ಹೋದೆ. ಭಾವನ ದೊಡ್ಡಪ್ಪ ಕೋಲು ಅಡ್ಡ ಹಿಡಿದರು.

"ಅರ್ಧ ತಲೆ ಆಗೋಗದೆ. ನಡುವ್ನಾಗೆ ಮಾವನ್ನ ಬದಲಾಯ್ಸಂಗಿಲ್ಲ."

"ದೊಡ್ಡಪ್ಪ, ಆ ಮಾವನೂ ನಾನೇ."

"ಇರಬೋದಪ್ಪ. ಆದ್ರೆ ಕುಂಕುಮ ಇಟ್ಟಿರೋದು ಅದಕ್ಕೆ."

ಫೋಟೋ ತೆಗೆಯುವ ಹುಡುಗಿ, "ಅಣ್ಣ, ಸ್ವಲ್ಪ ಪಕ್ಕಕ್ಕೆ ಬನ್ನಿ, ಮಾವ ಕಾಣ್ತಿಲ್ಲ," ಅಂದಳು. ಬಂದೆ. ಮಾವನಿಗೆ ಅಂತ ತಂದಿದ್ದ ಹೊಸ ಟವಲನ್ನು ಫೋನಿಗೆ ಹೊದಿಸಿದರು. ನನಗೆ ಒಂದು ಲೋಟ ಪಾನಕ ಕೊಟ್ಟರು.

ಇನ್ನು ನಾಲ್ಕು ಎಳೆ ಕೂದಲು ಉಳಿದಿತ್ತು. ಅಷ್ಟರಲ್ಲಿ ಫೋನು ಕುಂಯ್ ಅಂದು ಕಪ್ಪಾಯಿತು. ಕ್ಷೌರದವನು ಕತ್ತಿ ಎತ್ತಿ ಹಿಡಿದು, "ಮಾವ ಹೋಗ್ಬುಟ್ಟ್ರು," ಅಂದ.

ಈಗಲಾದರೂ ಅಕ್ಕ ಕರೆಯುತ್ತಾಳೆ ಅಂತ ನಾನು ಲೋಟ ಕೆಳಗಿಟ್ಟೆ. ಅಕ್ಕ ನನ್ನ ಕಡೆ ನೋಡಿದಳು.

"ಲೇ, ನಿನ್ ಆಟೋದಾಗೆ ಚಾರ್ಜರ್ ಐತೇನ್ಲಾ?"