ನಾನು ಚೌಕಾಸಿ ಮಾಡಿ ಇಳಿಸಿದ ಅಂದಾಜು

ಮನೆ ಕಟ್ಟಿದ ಯಾರನ್ನಾದರೂ ಕೇಳಿ, ಖರ್ಚು ಆರ್ಕಿಟೆಕ್ಟ್ ಕೊಟ್ಟ ಅಂದಾಜು ದಾಟಿತೆಂದೇ ಗೋಳಾಡುತ್ತಾರೆ. ಅಂದಾಜನ್ನೇ ಸೋಲಿಸಿದ ಗಂಡಸು ಕಲಬುರಗಿಯಲ್ಲಿ ನಾನೊಬ್ಬನೇ. ಹೇಗೆಂದು ಹೇಳಲು ಈಗ ನಾಚಿಕೆ, ಆದರೂ ಹೇಳುತ್ತೇನೆ.

ಗೆದ್ದದ್ದು

ಹೆಂಡತಿಯ ತವರೂರು ಕಮಲಾಪುರದಲ್ಲಿ ನಮ್ಮದೊಂದು ಪ್ಲಾಟು. ಕೆಳಗೆ ಮನೆ, ಮೇಲೊಂದು ಕೋಣೆ, ಇಷ್ಟು ಆಕೆಯ ಆಸೆ. ಜೇವರ್ಗಿ ಕಾಲೋನಿಯ ಆರ್ಕಿಟೆಕ್ಟ್ ಹುಡುಗಿ ಲೆಕ್ಕ ಹಾಕಿ, “ನಲವತ್ತು ಲಕ್ಷ ಆಗ್ತದರೀ ಅಂಕಲ್” ಎಂದಳು. ಮೋಮಿನಪುರದಲ್ಲಿ ಚಪ್ಪಲಿ ರೇಟನ್ನು ಅರ್ಧಕ್ಕೆ ಇಳಿಸಿದವನು ನಾನು, ಬಿಡುತ್ತೇನೆಯೆ? “ಮೂವತ್ತೈದು ಮಾಡವ್ವಾ” ಎಂದೆ.

“ಇದು ರೇಟಲ್ರೀ, ಅಂದಾಜು. ಕಡಿಮಿ ಮಾಡಬೇಕಂದ್ರ ಏನರ ತಗೀಬೇಕಾಗ್ತದ. ಬಚ್ಚಲ ಬಾಗಲಾ, ಮೆಟ್ಟಿಲಾ...”

“ತಗಿ!”

ಅವಳು ಬಾಗಿಲು, ಮೆಟ್ಟಿಲು ಹೊಡೆದುಹಾಕಿದ ಅಂದಾಜಿನ ಕಾಗದದ ಮೇಲೆ ‘ಆಮೇಲೆ ನೋಡೋಣ’ ಎಂದು ಬರೆದು ಸಹಿ ಹಾಕಿದೆ. ಮನೆಯಲ್ಲಿ ಮೀಸೆ ತಿರುವಿ, “ಐದು ಲಕ್ಷ ಇಳಿಸೀನಿ” ಎಂದೆ. ಏನೇನು ತೆಗೆಸಿದೆನೆಂದು ಮಾತ್ರ ಹೇಳಲಿಲ್ಲ. ಆ ಖುಷಿಗೆ ಬ್ರಹ್ಮಪುರದ ನಮ್ಮ ಓಣಿಗೆಲ್ಲ ಮಿರ್ಚಿ ಭಜಿ ಹಂಚಿದೆ. ಅದೂ ಅಂದಾಜಿನಲ್ಲಿ ಇರಲಿಲ್ಲ.

ಬಚ್ಚಲ ಮಂಗಳಾರತಿ

ಕೆಲಸ ನೋಡಲು ಬಂದ ಹೆಂಡತಿಯ ಅಣ್ಣ ಬಚ್ಚಲ ಮುಂದೆ ನಿಂತು, “ಬಾಗಲಾ ಎಲ್ಲದ?” ಎಂದರು.

“ಆ ಹುಡುಗಿ ಹಾಕೂದು ಮರ್ತಾಳ್ರೀ” ಎಂದುಬಿಟ್ಟೆ. “ಸೀರಿ ಕಟ್ಟೀವಿ. ಒಳಗ ಹಾಡ್ಕೋತ ಇರ್ರಿ, ಯಾರೂ ಬರೂದಿಲ್ಲ.”

ಅವರಿಗೆ ಬರುವ ಹಾಡು ಮಂಗಳಾರತಿ ಒಂದೇ. ಗೋಡೆ ಕಟ್ಟುತ್ತಿದ್ದ ಗೌಂಡಿಗಳೆಲ್ಲ ಕೆಲಸ ಬಿಟ್ಟು, ಚಪ್ಪಲಿ ಕಳಚಿ, ಸೀರೆಯ ಎದುರು ಕೈಮುಗಿದು ನಿಂತರು.

ನಿಚ್ಚಣಿಕೆ

ಗೌಂಡಿಗಳು ತಾವು ಹತ್ತಿಳಿಯಲು ಕಟ್ಟಿದ್ದ ಬೊಂಬು ಬಿಚ್ಚಿಕೊಂಡು ಹೋದ ಮೇಲೆ ಮೇಲಿನ ಕೋಣೆಗೆ ದಾರಿಯೇ ಉಳಿಯಲಿಲ್ಲ. “ಮೆಟ್ಟಿಲಾನೂ ಆಕೀನ ಮರ್ತಾಳ” ಎಂದು, ಗೋಡೆಗೊಂದು ನಿಚ್ಚಣಿಕೆ ಆನಿಸಿದೆ. ಹೆಂಡತಿ ನಂಬಿ, ಊರಿಗೆಲ್ಲ ಹೇಳಿದಳು. ವಾಸ್ತುಶಾಂತಿಯ ದಿನ ಆ ಹುಡುಗಿ ಬಂದರೆ ಒಬ್ಬರೂ “ಬಾ” ಅನ್ನಲಿಲ್ಲ. ಅವಳ ಮುಖ ನೋಡಲಾಗದೆ ನಾನು ನಿಚ್ಚಣಿಕೆ ಹತ್ತಿ ಮಾಳಿಗೆ ಸೇರಿದೆ. ಅಲ್ಲಿಂದ ಬಗ್ಗಿ ನೋಡಿದರೆ, ಅವಳು ಹೆಂಡತಿಗೆ ನನ್ನ ಸಹಿಯಿದ್ದ ಆ ಕಾಗದ ತೋರಿಸುತ್ತಿದ್ದಾಳೆ!

ಇಳಿಯೋಣವೆಂದರೆ ನಿಚ್ಚಣಿಕೆ ಇಲ್ಲ. ಅದು ಹೆಂಡತಿಯ ಕೈಯಲ್ಲಿತ್ತು.

“ಮೆಟ್ಟಿಲಾ ತಗಿಸಿದವ್ರು ಯಾರು? ಎಲ್ಲಾರಿಗೂ ಕೇಳೂಹಂಗ ಹೇಳ್ರಿ” ಎಂದಳು.

ಬೀಗರು, ನೆಂಟರು, ಪೂಜೆಗೆ ಬಂದ ಸ್ವಾಮಿಗಳು, ಎಲ್ಲರೂ ಕತ್ತೆತ್ತಿದರು.

“ನಾನ! ಬಚ್ಚಲ ಬಾಗಲಾನೂ ನಾನ! ತಪ್ಪಾತವ್ವಾ” ಎಂದು ಆ ಹುಡುಗಿಗೆ ಮೇಲಿಂದಲೇ ಕೈಮುಗಿದೆ. ನಾಚಿಕೆಯಿಂದ ತಲೆ ತಗ್ಗಿಸೋಣವೆಂದರೆ, ತಗ್ಗಿಸಿದಷ್ಟೂ ಅವರ ಮುಖಗಳೇ ಕಾಣುತ್ತಿದ್ದವು.

ಹೋಳಿಗೆಯ ವಾಸನೆ ಬಂತು. “ಇನ್ನರ ನಿಚ್ಚಣಿಕಿ ಹಚ್ಚ” ಎಂದೆ.

ಹುಡುಗಿಯ ಎಲೆಗೆ ತುಪ್ಪ ಬಡಿಸುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: “ಅದು ಅಂದಾಜಿನ್ಯಾಗ ಇಲ್ರೀ. ಆಮ್ಯಾಲ ನೋಡೂಣು.”