ಕಲ್ಲು ತಿನ್ನುವ ಕಾವಲಿನವರು

ಬಾಯಿಂದ ಒಳಕ್ಕೆ ಇರುವುದು ಒಂದೇ ದಾರಿ, ಅದು ಹೊಟ್ಟೆಗೆ ಹೋಗಿ ಮುಗಿಯುತ್ತದೆ ಎಂದು ತಮ್ಮ ಬಹಳ ಕಾಲ ನಂಬಿಕೊಂಡಿದ್ದ. ಅಡುಗೆಮನೆ ಕಟ್ಟೆಗಳಿಗೆ ಕಲ್ಲು ಕೊಯ್ದು ಕೊಡುವ ಕಾರ್ಖಾನೆಗೆ ಸೇರಿದ ಮೇಲೆ, ಸಂಜೆ ಮನೆಗೆ ಬಂದವನೇ ಎರಡು ಬಾಳೆಹಣ್ಣು ನುಂಗುತ್ತಿದ್ದ. ದಿನವಿಡೀ ಮೂಗಿನಲ್ಲಿ ಹೋದ ಧೂಳು ಹಣ್ಣಿನ ಜೊತೆ ಜಾರಿಕೊಂಡು ಹೊರಟುಹೋಗಲಿ ಎಂಬ ಲೆಕ್ಕಾಚಾರ. ತನ್ನ ಬುದ್ಧಿಗೆ ತಾನೇ ಮೆಚ್ಚಿ, ಪಕ್ಕದ ಯಂತ್ರದವನಿಗೂ ಈ ಉಪಾಯ ಹೇಳಿಕೊಟ್ಟಿದ್ದ.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವ ಅವನ ಅಕ್ಕನಿಗೆ ಇದು ತಿಳಿದ ದಿನ ಅವಳು ನಕ್ಕು ನಕ್ಕು ಸುಸ್ತಾದಳು. ಗಾಳಿಯ ಕೊಳವೆ ಬೇರೆ, ಅನ್ನದ ಕೊಳವೆ ಬೇರೆ, ಬಾಳೆಹಣ್ಣು ನುಂಗಿ ಶ್ವಾಸಕೋಶ ತೊಳೆಯುವುದಾದರೆ ಸಾಬೂನು ನುಂಗಿ ಅಂಗಿಯನ್ನೂ ಒಗೆದುಕೋ ಎಂದಳು. ಆಮೇಲೆ ತಮ್ಮನ ಮುಖ ಬಾಡಿದ್ದು ನೋಡಲಾರದೆ ಸಮಾಧಾನಕ್ಕೆ ಒಂದು ಮಾತು ಸೇರಿಸಿದಳು: ಶ್ವಾಸಕೋಶದ ಪುಟ್ಟ ಪುಟ್ಟ ಗಾಳಿಚೀಲಗಳಲ್ಲಿ ಹುಟ್ಟಿನಿಂದಲೇ ಕಾವಲಿಗೆ ನಿಂತ ಜೀವಕೋಶಗಳಿವೆ, ಒಳಗೆ ಬಂದ ಕಸವನ್ನು ಅವು ನುಂಗಿಹಾಕುತ್ತವೆ.

ಅವಳು ಮಾಡಿದ ತಪ್ಪು ಅದೇ. ತಮ್ಮ ಬಾಳೆಹಣ್ಣು ಬಿಟ್ಟ, ಕಾವಲಿನವರನ್ನು ಹಿಡಿದುಕೊಂಡ.

ಈಗ ಬೆಳಿಗ್ಗೆ, ಅವನು ಬೂಟಿನ ದಾರ ಕಟ್ಟುತ್ತಾ ಕೆಮ್ಮುತ್ತಿದ್ದಾನೆ. ಅಕ್ಕ ಬಾಗಿಲ ಹಿಂದಿನ ಮೊಳೆಯಿಂದ ಒಂದು ಮಾಸ್ಕ್ ತೆಗೆದು ಅವನ ಮೂಗಿನ ಮುಂದೆ ಹಿಡಿದಿದ್ದಾಳೆ.

ಅಕ್ಕ: ಇದನ್ನ ತಂದುಕೊಟ್ಟು ತಿಂಗಳಾಯ್ತು. ಇಷ್ಟು ಬೆಳ್ಳಗೆ ಹೇಗಿದೆ?

ತಮ್ಮ: ಜೋಪಾನವಾಗಿ ಇಟ್ಕೊಂಡಿದೀನಿ. ನೀನು ಕೊಟ್ಟಿದ್ದು ಅಂದ್ರೆ ಸುಮ್ನೇನಾ?

ಅಕ್ಕ: ನಾನು ಕೊಟ್ಟಿದ್ದು ನಿನ್ನ ಮೂಗಿಗೆ. ಬಾಗಿಲಿಗೇನು ಕೆಮ್ಮು ಬಂದಿತ್ತಾ?

ತಮ್ಮ: ಅಕ್ಕಾ, ನಿಂಗೆ ಅರ್ಥ ಆಗಲ್ಲ. ನಾನು ಕಾವಲಿನವರಿಗೆ ತರಬೇತಿ ಕೊಡ್ತಿದೀನಿ.

ಅಕ್ಕ ಮಾಸ್ಕ್ ಕೆಳಗಿಳಿಸಿದಳು. ಇಂಥ ಮಾತಿಗೆ ಕೂತುಕೊಂಡೇ ಕಿವಿಗೊಡಬೇಕು ಎಂದು ಕುರ್ಚಿ ಎಳೆದುಕೊಂಡಳು.

ತಮ್ಮ: ಲಸಿಕೆ ಹಾಕೋರು ಏನ್ ಮಾಡ್ತಾರೆ? ಸ್ವಲ್ಪ ರೋಗಾನ ಒಳಗೆ ಬಿಟ್ಟು ಮೈಗೆ ಪಾಠ ಹೇಳಿಕೊಡ್ತಾರೆ. ನಾನೂ ಅಷ್ಟೇ. ದಿನಾ ಸ್ವಲ್ಪ ಸ್ವಲ್ಪ ಧೂಳು ಬಿಡ್ತೀನಿ. ಅವರೂ ಗಟ್ಟಿಯಾಗ್ಲಿ.

ಅಕ್ಕ: ಸ್ವಲ್ಪ ಅಂದ್ರೆ ಎಷ್ಟು?

ತಮ್ಮ: ಬೆಳಿಗ್ಗೆಯಿಂದ ಸಂಜೆ ತನಕ.

ಅಕ್ಕ: ಊಟದ ಹೊತ್ತಿಗಾದ್ರೂ ಬಿಡುವು ಕೊಡ್ತೀಯಾ ಪಾಪ, ಅವರಿಗೆ?

ತಮ್ಮ: ಊಟಾನೂ ಅಲ್ಲೇ ಅಲ್ವಾ, ಯಂತ್ರದ ಪಕ್ಕ.

ಅಕ್ಕ ಹಣೆ ಒತ್ತಿಕೊಂಡಳು. ರೋಗಾಣುವಾದರೆ ಕಾವಲು ಕೋಶ ಅದನ್ನು ನುಂಗಿ ಜೀರ್ಣಿಸಿಕೊಳ್ಳುತ್ತದೆ, ಅದರ ಗುರುತು ಹಿಡಿಯಲು ಮೈ ಕಲಿಯುತ್ತದೆ. ಕಲ್ಲಿನ ಪುಡಿಯಿಂದ ಕಲಿಯುವುದಕ್ಕೆ ಏನೂ ಇಲ್ಲ ಎಂದು ವಿವರಿಸಿದಳು. ಯಾರದೋ ಶ್ವಾಸಕೋಶ ತೊಳೆದ ನೀರು ಪರೀಕ್ಷೆಗೆ ಬಂದಾಗ ಅವಳು ಆ ಕೋಶಗಳನ್ನು ಕಣ್ಣಾರೆ ಕಂಡಿದ್ದಳು. ಹೊಟ್ಟೆ ಬಿರಿಯುವಷ್ಟು ಕಪ್ಪು ಕಪ್ಪು ಚುಕ್ಕೆ ತುಂಬಿಕೊಂಡು, ಎದ್ದೇಳಲಾರದೆ ಕೂತಿದ್ದವಂತೆ.

ಅಕ್ಕ: ಅದು ಕಲ್ಲನ್ನೂ ನುಂಗುತ್ತೆ ಕಣೋ. ಬೇಡ ಅನ್ನೋದು ಅದಕ್ಕೆ ಗೊತ್ತಿಲ್ಲ. ಆದ್ರೆ ಕಲ್ಲು ಕರಗಲ್ಲ. ಕೊನೆಗೆ ನುಂಗಿದ್ದೇ ಸಾಯುತ್ತೆ. ಕಲ್ಲು ಮತ್ತೆ ಆಚೆ ಬೀಳುತ್ತೆ, ಇನ್ನೊಂದು ಬಂದು ಅದನ್ನೇ ನುಂಗುತ್ತೆ.

ತಮ್ಮ: ನೋಡು, ನೀನೇ ಹೇಳ್ದೆ. ಒಬ್ಬ ಹೋದ್ರೆ ಇನ್ನೊಬ್ಬ ಬರ್ತಾನೆ. ಮತ್ತೆ ತೊಂದ್ರೆ ಏನು?

ಅಕ್ಕ: ಹೋದವನನ್ನ ಕೇಳು.

ತಮ್ಮನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಕೆಮ್ಮು ಮುಗಿಯುವ ತನಕ ಅಕ್ಕ ಗೋಡೆ ನೋಡುತ್ತಾ ಕಾದಳು. ಸಾಯುವ ಕೋಶಗಳು ಸುಮ್ಮನೆ ಸಾಯುವುದಿಲ್ಲ, ಕೂಗಿಕೊಂಡು ಸಾಯುತ್ತವೆ, ಆ ಕೂಗಿಗೆ ರಕ್ತದಿಂದ ಇನ್ನೊಂದು ಜಾತಿಯ ಬಿಳಿಕೋಶಗಳ ದಂಡು ನುಗ್ಗಿ ಬರುತ್ತದೆ ಎಂದಳು. ದಂಡಿನವರಿಗೆ ಕಳ್ಳ ಯಾರು, ಮನೆಯವರು ಯಾರು ಎಂದು ವಿಚಾರಿಸುವ ತಾಳ್ಮೆ ಇಲ್ಲ, ಸುಡುವ ರಸ ಎರಚಿ ಮನೆಯನ್ನೂ ಹಾಳುಮಾಡುತ್ತಾರೆ.

ತಮ್ಮ: ಆಮೇಲೆ ರಿಪೇರಿ ಮಾಡ್ತಾರೆ ತಾನೇ?

ಅಕ್ಕ: ಮಾಡ್ತಾರೆ. ಗಾರೆಯವರು ಬರ್ತಾರೆ. ಎಲ್ಲಿ ಸುಟ್ಟಿದೆಯೋ ಅಲ್ಲೆಲ್ಲ ಗಿಲಾವು ಮೆತ್ತುತ್ತಾರೆ. ಮೆತ್ತಿ ಮೆತ್ತಿ ಕೊನೆಗೆ ಬರೀ ಗೋಡೆ ಉಳಿಯುತ್ತೆ, ಕೋಣೆ ಇರಲ್ಲ. ಆಗ ಗಾಳಿ ಎಲ್ಲಿ ಕೂರಬೇಕು?

ತಮ್ಮ: ನಂಗೇನೂ ಆಗಿಲ್ಲ ಬಿಡು.

ಅಕ್ಕ: ಮೆಟ್ಟಿಲು ಹತ್ತೋವಾಗ ಪ್ರತಿ ತಿರುವಿನಲ್ಲೂ ನಿಂತು ಫೋನ್ ನೋಡ್ತೀಯಲ್ಲ, ಅಷ್ಟೊಂದು ಮೆಸೇಜ್ ಯಾರು ಕಳಿಸ್ತಾರೆ ನಿಂಗೆ?

ತಮ್ಮ ಇನ್ನೊಂದು ಬೂಟಿನ ದಾರ ಹುಡುಕತೊಡಗಿದ. ಅದು ಆಗಲೇ ಕಟ್ಟಿತ್ತು. ಅವನಿಗೆ ಯಾರೂ ಮೆಸೇಜ್ ಕಳಿಸುತ್ತಿರಲಿಲ್ಲ.

ಅಕ್ಕನ ಬೇಡಿಕೆ ಒಂದೇ. ಕಾರ್ಖಾನೆಯ ದೊಡ್ಡ ಗರಗಸಕ್ಕೆ ನೀರಿನ ಪೈಪ್ ಇದೆ, ಧೂಳು ಏಳುವ ಮೊದಲೇ ಕೆಸರಾಗುತ್ತದೆ. ಸಿಂಕಿಗೆ ತೂತು ಕೊರೆಯುವ ಕೈಗ್ರೈಂಡರಿಗೆ ಮಾತ್ರ ನೀರಿಲ್ಲ. ತಮ್ಮನ ಪಾಲಿಗೆ ಬಂದಿರುವುದು ಅದೇ. ಅದಕ್ಕೂ ನೀರು ಕೊಡಿ, ಎಲ್ಲರಿಗೂ ಮಾಸ್ಕ್ ಕೊಡಿ ಎಂದು ಯಜಮಾನರನ್ನು ಇವತ್ತೇ ಕೇಳಬೇಕು. ತಮ್ಮ ಹಿಂದೇಟು ಹಾಕಿದ. ಹೋದ ವರ್ಷ ಕೈಗವಸು ಕೇಳಿದವನಿಗೆ ಯಜಮಾನರು ರಜೆ ಕೊಟ್ಟಿದ್ದರು. ಆ ರಜೆ ಇನ್ನೂ ಮುಗಿದಿರಲಿಲ್ಲ.

ತಮ್ಮ: ಸಮಯ ನೋಡಿ ಕೇಳ್ತೀನಿ.

ಅಕ್ಕ: ಸಮಯ ನಾನು ನೋಡಿದೀನಿ. ಸ್ಕೂಟರ್ ತೆಗಿ, ನಾನೂ ಬರ್ತೀನಿ.

ಕಾರ್ಖಾನೆಯ ಮೂಲೆಯಲ್ಲಿ ಯಜಮಾನರ ಕೋಣೆ. ನಾಲ್ಕೂ ಕಡೆ ಗಾಜು. ಹೊರಗೆ ಜನ, ಯಂತ್ರ, ಕಲ್ಲು ಎಲ್ಲವೂ ಒಂದೇ ಬೂದುಬಣ್ಣ. ಒಳಗೆ ಯಜಮಾನರ ಅಂಗಿ ಮಾತ್ರ ಹಾಲಿನ ಹಾಗೆ ಬೆಳ್ಳಗೆ. ಅವರ ಪಕ್ಕದಲ್ಲಿ ಗಾಳಿ ಸೋಸುವ ಯಂತ್ರವೊಂದು ಮೆಲ್ಲಗೆ ಗುಂಯ್‌ಗುಡುತ್ತಿತ್ತು. ತಮ್ಮ ಗ್ರೈಂಡರನ್ನು ಎದೆಗೆ ಅವುಚಿಕೊಂಡು ಒಳಗೆ ಹೋದ. ದಾರಿಯುದ್ದಕ್ಕೂ ಉರುಹೊಡೆದ ಮಾತು ಬಾಗಿಲಲ್ಲೇ ಉದುರಿಹೋಯಿತು. ಪೀಠಿಕೆಯನ್ನೆಲ್ಲ ಬಿಟ್ಟು ಅಕ್ಕನೇ ವಿಷಯ ಹೇಳಿದಳು.

ಯಜಮಾನ: ಪೈಪ್ ತಾನೇ ಅಮ್ಮಾ? ತರಿಸೋಣ ಅಂತ ಅಂಗಡಿಗೂ ಹೇಳಿದ್ದೆ. ನಿಮ್ಮ ತಮ್ಮನೇ ಬೇಡ ಅನ್ನೋ ಹಾಗೆ ಮಾಡಿದ.

ಅಕ್ಕ: ಇವನಾ?

ಯಜಮಾನ: ಊಟದ ಹೊತ್ತಲ್ಲಿ ಎಲ್ಲರನ್ನೂ ಕೂರಿಸ್ಕೊಂಡು ಎಷ್ಟು ಚೆನ್ನಾಗಿ ಹೇಳ್ದ ಗೊತ್ತಾ? ಒಳಗೆ ಕಾವಲಿನವರು ಇದಾರಂತೆ, ಧೂಳೆಲ್ಲ ನುಂಗ್ತಾರಂತೆ, ಅಭ್ಯಾಸ ಆದಷ್ಟೂ ಗಟ್ಟಿಯಂತೆ. ಅಕ್ಕ ಆಸ್ಪತ್ರೆಯಲ್ಲಿ ಇದಾರೆ, ಅವರೇ ಹೇಳಿದ್ದು ಅಂದ. ಆಸ್ಪತ್ರೆಯವರೇ ಹೇಳಿದ ಮೇಲೆ ನಂದೇನು? ಪೈಪ್ ಬೇಡ ಅಂತ ಹೇಳಿಬಿಟ್ಟೆ.

ಅಕ್ಕ ತಿರುಗಿ ತಮ್ಮನನ್ನು ನೋಡಿದಳು. ತಮ್ಮ ಗ್ರೈಂಡರನ್ನು ನೋಡಿದ. ಗಾಜಿನಾಚೆ ಪಕ್ಕದ ಯಂತ್ರದವನು ಬಗ್ಗಿ ಕೆಮ್ಮುತ್ತಿದ್ದ. ಬಾಳೆಹಣ್ಣಿನ ಕಾಲದಿಂದ ಇವನ ಮಾತು ನಂಬಿಕೊಂಡು ಬಂದ ಮನುಷ್ಯ. ಕುತ್ತಿಗೆಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯನ್ನೂ ಅವನು ಈಚೆಗೆ ಬಿಟ್ಟಿದ್ದ, ತರಬೇತಿಗೆಂದು.

ಯಜಮಾನ: ಹೋಗಪ್ಪ, ಗಿರಾಕಿ ಕಾಯ್ತಿದಾರೆ. ಎರಡು ಸಿಂಕ್ ತೂತು ಬಾಕಿ ಇದೆ.

ತಮ್ಮ ಹೋಗಲಿಲ್ಲ. ಅಕ್ಕನ ಕೈಯಲ್ಲಿದ್ದ ಬಿಳಿ ಮಾಸ್ಕ್ ತೆಗೆದುಕೊಂಡು ಮುಖಕ್ಕೆ ಹಾಕಿದ. ಧೂಳು ಮೆತ್ತಿದ ಗ್ರೈಂಡರನ್ನು ಯಜಮಾನರ ಗಾಜಿನ ಮೇಜಿನ ಮೇಲೆ, ಅವರ ಬಿಳಿ ತೋಳಿಗೆ ತಾಗುವಂತೆ ಇಟ್ಟ.

ತಮ್ಮ: ನೀರು ಬರೋ ತನಕ ಇದು ಇಲ್ಲೇ ಇರ್ಲಿ.

ಯಜಮಾನ: ಏನು? ಅದನ್ನ ತೆಗೆದು ಮಾತಾಡು, ಕೇಳಿಸ್ತಿಲ್ಲ.

ತಮ್ಮ ಮಾಸ್ಕ್ ತೆಗೆಯಲಿಲ್ಲ, ದನಿ ಏರಿಸಿದ. ಹೊರಗಿನ ಯಂತ್ರಗಳು ಒಂದೊಂದಾಗಿ ನಿಂತವು. ಗಾಜಿಗೆ ಬೂದು ಮುಖಗಳು ಅಂಟಿಕೊಂಡವು.

ತಮ್ಮ: ಇದಕ್ಕೆ ನೀರು ಬರೋ ತನಕ ನಾನು ತೂತು ಕೊರೆಯಲ್ಲ.

ಯಜಮಾನ: ನಿನ್ನ ಕಾವಲಿನವರು ಎಲ್ಲಿ ಹೋದ್ರಪ್ಪ?

ತಮ್ಮ: ರಜೆ ಮೇಲೆ ಹೋದ್ರು. ನೀವು ಕೊಡ್ತೀರಲ್ಲ, ಅಂಥ ರಜೆ.

ಅಕ್ಕ ತಮ್ಮನ ಬೆನ್ನಿಗೆ ಒಂದು ಬೆರಳು ಒತ್ತಿದಳು. ಸಾಕು ಎಂದೋ, ಇನ್ನೂ ಹೇಳು ಎಂದೋ ಅವನಿಗೆ ತಿಳಿಯಲಿಲ್ಲ. ಇನ್ನೂ ಹೇಳು ಎಂದೇ ತಿಳಿದುಕೊಂಡ.

ತಮ್ಮ: ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಕಾವಲಿನವರು ನಿಮ್ಮ ಎದೆಯಲ್ಲೂ ಇದಾರಲ್ಲ. ಮತ್ತೆ ನಿಮಗ್ಯಾಕೆ ಈ ಗಾಳಿ ಸೋಸೋ ಯಂತ್ರ?

ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. ತೋಳಿಗೆ ಹತ್ತಿದ ಧೂಳನ್ನು ಕೊಡವಿಕೊಂಡು, ಇಷ್ಟೂ ಗೊತ್ತಿಲ್ಲವೇ ಎಂಬಂತೆ ಅವನ ಮುಖ ನೋಡಿದರು.

ಯಜಮಾನ: ನೀನು ಹೋದ್ರೆ ಇನ್ನೊಬ್ಬ ಬರ್ತಾನಪ್ಪ. ನಾನು ಹೋದ್ರೆ ಯಾರು ಬರ್ತಾರೆ?